ವಿಮಾನಕ್ಕೆ ಕಾಣದ ಯುರೇನಿಯಂ

ಕೋಲಾರ ಜಿಲ್ಲೆಯ ನೀರಿನಲ್ಲಿ ಯುರೇನಿಯಂ ಇದೆ ಎಂಬ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಮಾತು ಹುಟ್ಟುತ್ತದೆ. ನೀರಿನಲ್ಲೇ ಇಷ್ಟಿದ್ದರೆ ನೆಲದೊಳಗೆ ಇನ್ನೆಷ್ಟಿರಬೇಕು? ಕೆಜಿಎಫ್‌ನಲ್ಲಿ ಚಿನ್ನ ಕೊಟ್ಟ ಜ್ವಾಲಾಮುಖಿ ಶಿಲೆ ಯುರೇನಿಯಂ ಅನ್ನೂ ಬಚ್ಚಿಟ್ಟುಕೊಂಡಿರಬಹುದಲ್ಲವೇ? ವಿಮಾನ ಹಾರಿಸಿ ಸಮೀಕ್ಷೆ ಮಾಡಿದರೆ ನಿಕ್ಷೇಪ ಎಲ್ಲಿದೆ ಎಂದು ಗೊತ್ತಾಗುತ್ತದೆ, ಗಣಿ ಬರುತ್ತದೆ, ಕೆಲಸ ಬರುತ್ತದೆ, ಜಿಲ್ಲೆಗೆ ಹಳೆಯ ಕಳೆ ಮರಳುತ್ತದೆ. ಕಲಿತವರೂ ನಂಬಿಕೊಂಡಿರುವ ಈ ವಾದದ ಒಂದು ಹೆಜ್ಜೆಯೂ ಗಟ್ಟಿ ನೆಲದ ಮೇಲಿಲ್ಲ. ವಿಮಾನ ಆಳವನ್ನು ನೋಡುವುದಿಲ್ಲ. ಕೋಲಾರದ ಜ್ವಾಲಾಮುಖಿ ಪಟ್ಟಿ ಯುರೇನಿಯಂಗೆ ಹೇಳಿಮಾಡಿಸಿದ ಜಾಗವಲ್ಲ. ನೀರಿನಲ್ಲಿರುವ ಯುರೇನಿಯಂ ಅದಿರಿನ ಸುಳಿವೂ ಅಲ್ಲ. ಇದು ಬರಿಯ ತಪ್ಪು ತಿಳಿವಳಿಕೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಕುಡಿಯುವ ನೀರಿನ ವಿಷವನ್ನು ಸಂಪತ್ತಿನ ಮುನ್ಸೂಚನೆ ಎಂದು ಓದುವ ಈ ಅಭ್ಯಾಸದಿಂದ, ಆಗಬೇಕಾದ ಕೆಲಸ ಹಿಂದಕ್ಕೆ ಸರಿಯುತ್ತಿದೆ.

ಆಸೆ ಎಲ್ಲಿಂದ ಬಂತು ಎಂಬುದು ಅರ್ಥವಾಗುವಂಥದೇ. 1802ರಲ್ಲಿ ಜಾನ್ ವಾರೆನ್ ಎಂಬ ಸರ್ವೆ ಅಧಿಕಾರಿ ಈ ಮಣ್ಣಿನಲ್ಲಿ ಚಿನ್ನದ ಕುರುಹು ಕಂಡ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಇಳಿಯಿತು. 1902ರ ಹೊತ್ತಿಗೆ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿದುಬಂತು. ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ನಿಂತಾಗ ಊರಿನ ಬದುಕೂ ನಿಂತಿತು. ಅಂಥ ನೆಲದಲ್ಲಿ ‘ಇನ್ನೊಂದು ಲೋಹವಿದೆ’ ಎಂಬ ಮಾತಿಗೆ ಜನ ಕಿವಿಗೊಡದೆ ಇರುವುದಿಲ್ಲ. ಆ ಕಾರಣಕ್ಕೇ ಹಾಗೆ ಹೇಳುವವರು ಅಳೆದು ತೂಗಿ ಹೇಳಬೇಕು.

ಮೊದಲು ವಿಮಾನದ ವಿಷಯ. ಯುರೇನಿಯಂ ಹುಡುಕಾಟದ ವೈಮಾನಿಕ ಸಮೀಕ್ಷೆ ಎಂದರೆ ಹೆಚ್ಚಾಗಿ ಗಾಮಾ ಕಿರಣಗಳ ಅಳತೆ. ವಿಮಾನದ ಅಥವಾ ಹೆಲಿಕಾಪ್ಟರಿನ ಒಳಗೆ ಸೋಡಿಯಂ ಅಯೊಡೈಡ್‌ನ ದೊಡ್ಡ ಸ್ಫಟಿಕಗಳಿರುತ್ತವೆ. ನೆಲದಿಂದ ನೂರು ಮೀಟರಿಗೂ ಕಡಿಮೆ ಎತ್ತರದಲ್ಲಿ, ಹೊಲ ಉತ್ತ ಹಾಗೆ ಸಾಲು ಸಾಲಾಗಿ ಹಾರುತ್ತ, ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಸರಣಿಗಳಿಂದ ಹೊಮ್ಮುವ ಕಿರಣಗಳನ್ನು ಬೇರೆ ಬೇರೆಯಾಗಿ ಎಣಿಸಲಾಗುತ್ತದೆ. ಎಣಿಕೆ ಬಣ್ಣದ ನಕ್ಷೆಯಾಗಿ ಹೊರಬರುತ್ತದೆ. ನಕ್ಷೆ ಚೆಂದವಾಗಿರುತ್ತದೆ, ಕೆಂಪು ಚುಕ್ಕೆ ಕಂಡವರ ಮನಸ್ಸು ಕೂಡಲೇ ಗಣಿಯತ್ತ ಓಡುತ್ತದೆ.

ಆದರೆ ಆ ಕಿರಣಗಳು ಬರುವುದು ನೆಲದ ಮೇಲ್ಪದರದ ಒಂದು, ಒಂದೂವರೆ ಅಡಿಯಿಂದ ಮಾತ್ರ. ಅದಕ್ಕಿಂತ ಕೆಳಗಿನಿಂದ ಹೊರಟದ್ದನ್ನು ಮೇಲಿನ ಮಣ್ಣು ಕಲ್ಲುಗಳೇ ಹೀರಿಕೊಳ್ಳುತ್ತವೆ. ಕೋಲಾರದಲ್ಲಿ ಬೋರು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಒಂದೂವರೆ ಅಡಿಯ ಮಾಹಿತಿ ಕೈಯಲ್ಲಿ ಹಿಡಿದು ಸಾವಿರ ಅಡಿಯ ಕೆಳಗೆ ನಿಧಿ ಇದೆ ಎನ್ನುವುದು ವಿಜ್ಞಾನವಲ್ಲ. ಕಾಂತೀಯ ಮಾಪನ, ವಿದ್ಯುತ್ಕಾಂತೀಯ ಮಾಪನ ಇನ್ನಷ್ಟು ಆಳಕ್ಕೆ ಹೋಗುತ್ತವೆ ನಿಜ. ಅವು ತೋರಿಸುವುದು ಶಿಲೆಯ ರಚನೆ, ಬಿರುಕು, ವಿದ್ಯುತ್ ಹರಿಯುವ ಪದರ ಇಂಥವನ್ನು. ಯುರೇನಿಯಂ ಅನ್ನು ಅವು ಗುರುತಿಸುವುದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ, ಕೋಲಾರದ ಮಟ್ಟಿಗೆ ಅದೇ ಮುಖ್ಯ. ವಿಮಾನದ ಉಪಕರಣ ಯುರೇನಿಯಂ ಅನ್ನು ನೇರವಾಗಿ ಅಳೆಯುವುದೇ ಇಲ್ಲ. ಯುರೇನಿಯಂ ಹಂತಹಂತವಾಗಿ ಕ್ಷಯಿಸಿ ರೇಡಿಯಂ ಆಗುತ್ತದೆ, ರೇಡಿಯಂ ರೇಡಾನ್ ಅನಿಲವಾಗುತ್ತದೆ, ಆ ದಾರಿಯಲ್ಲಿ ಮುಂದೆ ಬಿಸ್ಮತ್-214 ಹುಟ್ಟುತ್ತದೆ. ಈ ಬಿಸ್ಮತ್ ಹೊಮ್ಮಿಸುವ ಕಿರಣವನ್ನು ಎಣಿಸಿ, ‘ಇಷ್ಟು ಬಿಸ್ಮತ್ ಇದ್ದರೆ ಅಲ್ಲಿ ಇಷ್ಟು ಯುರೇನಿಯಂ ಇರಬೇಕು’ ಎಂದು ಲೆಕ್ಕ ಹಾಕುತ್ತಾರೆ. ತಾಯಿ ಧಾತುವೂ ಮರಿ ಧಾತುವೂ ಒಂದೇ ಕಡೆ ಉಳಿದಿದ್ದರೆ ಲೆಕ್ಕ ಸರಿ. ಯುರೇನಿಯಂ ನೀರಿನಲ್ಲಿ ಕರಗಿ ಹೊರಟುಹೋಗಿ, ಸುಲಭಕ್ಕೆ ಕರಗದ ರೇಡಿಯಂ ಅಲ್ಲೇ ಉಳಿದಿದ್ದರೆ ಲೆಕ್ಕ ತಪ್ಪುತ್ತದೆ. ಆಗ ಯುರೇನಿಯಂ ಖಾಲಿಯಾದ ಜಾಗ ನಕ್ಷೆಯಲ್ಲಿ ಹೊಳೆಯುತ್ತಿರುತ್ತದೆ, ಅದು ಹೋಗಿ ಸೇರಿದ ಬೋರಿನ ಜಾಗ ಮಂಕಾಗಿರುತ್ತದೆ. ನೀರಿನಲ್ಲಿ ಯುರೇನಿಯಂ ಓಡಾಡುತ್ತಿರುವ ಈ ಜಿಲ್ಲೆಯಲ್ಲೇ ವಿಮಾನದ ನಕ್ಷೆಯನ್ನು ಎಲ್ಲಕ್ಕಿಂತ ಎಚ್ಚರದಿಂದ ಓದಬೇಕಾಗುತ್ತದೆ.

ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮೇಲೆ ಅಂಥ ವಿಮಾನ ಹಾರಿದರೆ ಏನು ಕಾಣುತ್ತದೆ? ಮಾಲೂರಿನ ಟೇಕಲ್ ಕಡೆಯ ಕಲ್ಲುಕ್ವಾರಿಗಳು ಎದ್ದು ಕಾಣುತ್ತವೆ, ಯಾಕೆಂದರೆ ಅಲ್ಲಿ ಮೇಲುಮಣ್ಣು ಹೋಗಿ ಹಸಿ ಗ್ರಾನೈಟ್ ಬಿಸಿಲಿಗೆ ತೆರೆದುಕೊಂಡಿದೆ. ಕೋಲಾರದ ಅಂತರಗಂಗೆ ಬೆಟ್ಟ, ಮುಳಬಾಗಿಲಿನ ಆವಣಿ ಬೆಟ್ಟ ಕಾಣುತ್ತವೆ, ಅವೂ ಬೋಳು ಬಂಡೆ. ಶ್ರೀನಿವಾಸಪುರದ ಮಾವಿನ ತೋಪುಗಳ ಮೇಲೆ ಎಣಿಕೆ ತುಸು ಇಳಿಯುತ್ತದೆ, ಮರಗಳೂ ತೇವದ ಮಣ್ಣೂ ಕಿರಣಗಳಿಗೆ ಅಡ್ಡ ನಿಲ್ಲುತ್ತವೆ. ನೀರು ತುಂಬಿದ ಕೆರೆ ನಕ್ಷೆಯಲ್ಲಿ ಕಪ್ಪು ತೂತಾಗುತ್ತದೆ, ಒಂದು ಮೀಟರ್ ನೀರಿದ್ದರೆ ಸಾಕು, ಕೆಳಗಿನ ಕಿರಣ ಹೆಚ್ಚುಕಡಿಮೆ ಪೂರ್ತಿ ಅಡಗುತ್ತದೆ. 2018ರ ಜೂನ್‌ನಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದಕ್ಕೆ ಮುಂಚೆ ಹಾರಿದ ವಿಮಾನಕ್ಕೆ ಕಂಡ ಕೆರೆಯಂಗಳ ಇಂದು ಹಾರಿದರೆ ಕಾಣುವುದಿಲ್ಲ. ಮಳೆ ಬಂದು ನಿಂತ ಕೆಲ ಗಂಟೆ, ಗಾಳಿಯಲ್ಲಿದ್ದ ರೇಡಾನಿನ ಮರಿ ಧಾತುಗಳು ನೆಲಕ್ಕೆ ತೊಳೆದುಬಂದು ಯುರೇನಿಯಂ ಎಣಿಕೆ ಸುಮ್ಮನೆ ಏರುತ್ತದೆ. ಅನುಭವಿ ಭೂಭೌತಶಾಸ್ತ್ರಜ್ಞರು ಇದೆಲ್ಲವನ್ನೂ ತಿದ್ದಿ ಲೆಕ್ಕ ಮಾಡುತ್ತಾರೆ, ಅವರ ವಿದ್ಯೆಯ ಬಗ್ಗೆ ತಕರಾರಿಲ್ಲ. ಅವರು ಸಾವಿರ ಷರತ್ತು ಹಾಕಿ ಕೊಟ್ಟ ನಕ್ಷೆಯನ್ನು ಷರತ್ತಿಲ್ಲದೆ ಓದುವವರ ಬಗ್ಗೆ ತಕರಾರು.

ಇನ್ನು ಜ್ವಾಲಾಮುಖಿ ಶಿಲೆಯ ಕಥೆ. ಜಗತ್ತಿನಲ್ಲಿ ಜ್ವಾಲಾಮುಖಿಗೆ ಸಂಬಂಧಿಸಿದ ಯುರೇನಿಯಂ ನಿಕ್ಷೇಪಗಳಿವೆ ಎಂಬುದು ನಿಜ. ರಷ್ಯಾದ ಬೈಕಲ್ ಸರೋವರದ ಆಚೆ, ಕ್ರಾಸ್ನೊಕಾಮೆನ್ಸ್ಕ್ ಪಟ್ಟಣದ ಬಳಿಯ ಸ್ಟ್ರೆಲ್ಟ್ಸೊವ್ಕಾ ಅವುಗಳಲ್ಲಿ ಅತಿ ದೊಡ್ಡದು, 1960ರ ದಶಕದಲ್ಲಿ ಸಿಕ್ಕಿದ್ದು. ಅದು ಕುಸಿದ ಜ್ವಾಲಾಮುಖಿಯ ಬಟ್ಟಲು. ಡೈನೋಸಾರುಗಳ ಕಾಲದ ಬೆಂಕಿ ಅದು. ಸಿಲಿಕಾ ಹೆಚ್ಚಿರುವ ರಯೊಲೈಟ್ ಶಿಲೆ, ಬಿಸಿನೀರು ಹರಿದ ಬಿರುಕುಗಳು, ಅಡಿಯಲ್ಲಿ ಗ್ರಾನೈಟು ಎಲ್ಲವೂ ಅಲ್ಲಿ ಒಂದಕ್ಕೊಂದು ಕೂಡಿಬಂದವು.

ಕೋಲಾರದ ಪಟ್ಟಿ ಅದಲ್ಲ. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಕೆಲವೇ ಕಿಲೋಮೀಟರ್ ಅಗಲದ ಈ ಪಟ್ಟಿಯ ಬಹುಪಾಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಉಕ್ಕಿದ ಬಸಾಲ್ಟ್. ಆಮೇಲೆ ಶಾಖ ಒತ್ತಡಕ್ಕೆ ಸಿಕ್ಕಿ ಆಂಫಿಬೊಲೈಟ್ ಆಗಿದೆ. ಬಸಾಲ್ಟಿನಲ್ಲಿ ಟನ್ನಿಗೆ ಒಂದು ಗ್ರಾಂ ಯುರೇನಿಯಂ ಕೂಡ ಇರುವುದು ಕಷ್ಟ, ಪೊಟ್ಯಾಸಿಯಂ ಥೋರಿಯಂಗಳೂ ಕಡಿಮೆ. ಹಾಗಾಗಿ ಇಂಥ ಪಟ್ಟಿಗಳು ಗಾಮಾ ನಕ್ಷೆಯಲ್ಲಿ ಸುತ್ತಲಿನ ಗ್ರಾನೈಟು, ನೈಸುಗಳ ನಡುವೆ ಕಪ್ಪಗೆ ಬಿದ್ದಿರುತ್ತವೆ. ಪಟ್ಟಿಯ ಪೂರ್ವದ ಅಂಚಿನಲ್ಲಿ ಚಾಂಪಿಯನ್ ನೈಸ್ ಎಂಬ ಸಿಲಿಕಾ ಹೆಚ್ಚಿರುವ ಶಿಲೆ ಇದೆ ಎಂದು ಬಲ್ಲವರು ಎದುರುತ್ತರ ಕೊಡಬಹುದು. ಇದೆ. ಆದರೆ ಅಂಥ ಶಿಲೆ ಇದ್ದ ಮಾತ್ರಕ್ಕೆ ಸ್ಟ್ರೆಲ್ಟ್ಸೊವ್ಕಾ ಆಗುವುದಿಲ್ಲ. ಚಿನ್ನಕ್ಕೂ ಯುರೇನಿಯಂಗೂ ಒಂದೇ ಮನೆ ಎಂಬ ನಿಯಮವೂ ಭೂವಿಜ್ಞಾನದಲ್ಲಿಲ್ಲ.

ಕರ್ನಾಟಕದಲ್ಲಿ ಯುರೇನಿಯಂ ಅದಿರು ಇಲ್ಲವೆಂದೇನಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿದೆ. ಭೀಮಾ ಜಲಾನಯನದ ಸುಣ್ಣಕಲ್ಲು ಗ್ರಾನೈಟನ್ನು ಸೇರುವ ಕಡೆ, ಸ್ತರಭಂಗದ ಗುಂಟ ಅದು ಕೂತಿದೆ. ಕೋಲಾರದಿಂದ ಬಹಳ ದೂರವೇನಲ್ಲದ ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ ಡೊಲೊಮೈಟಿನ ಪದರದಲ್ಲಿದೆ, 2012ರಿಂದ ಗಣಿ ನಡೆಯುತ್ತಿದೆ. ಎರಡೂ ಜಾಗಗಳಲ್ಲಿ ಯುರೇನಿಯಂ ಸಿಕ್ಕಿದ್ದು ಪದರ ಶಿಲೆಗಳ ಜಲಾನಯನದಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಹುಪಾಲು ನೆಲ ಗ್ರಾನೈಟು ಮತ್ತು ನೈಸು. ಇಲ್ಲಿ ಅಂಥ ಪದರವೇ ಇಲ್ಲ. ತುಮ್ಮಲಪಲ್ಲೆಯ ಹೆಸರನ್ನು ಆಸೆಯಿಂದ ಹೇಳುವವರು ಇನ್ನೊಂದು ಸಂಗತಿಯನ್ನೂ ಹೇಳಬೇಕು: ಗಣಿಯ ತ್ಯಾಜ್ಯದಿಂದ ಕೊಳವೆಬಾವಿ ಕೆಟ್ಟಿತು, ಬೆಳೆ ಹಾಳಾಯಿತು ಎಂದು ಅಲ್ಲಿನ ರೈತರು ವರ್ಷಗಳಿಂದ ದೂರುತ್ತಿದ್ದಾರೆ.

ಹಾಗಾದರೆ ಅದಿರಿಲ್ಲದೆ ನೀರಿಗೆ ಯುರೇನಿಯಂ ಬಂದದ್ದು ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಸರಳ ಗುಣಾಕಾರದಲ್ಲಿದೆ. ಸಾಮಾನ್ಯ ಗ್ರಾನೈಟಿನಲ್ಲಿ ಟನ್ನಿಗೆ ಸುಮಾರು 4 ಗ್ರಾಂ ಯುರೇನಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಒಂದು ಟನ್ ಬಂಡೆಯ 4 ಗ್ರಾಂ ಪೂರ್ತಿ ಕರಗಿತೆಂದುಕೊಂಡರೆ 1 ಲಕ್ಷ 33 ಸಾವಿರ ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. ಬಂಡೆಯಿಂದ ಅಷ್ಟೂ ಕರಗಿ ಬರುವುದಿಲ್ಲ, ಸಣ್ಣ ಪಾಲು ಬಂದರೂ ನೀರು ಕೆಡುತ್ತದೆ ಎಂಬುದಷ್ಟೇ ಇಲ್ಲಿನ ಮಾತು. ತುಮ್ಮಲಪಲ್ಲೆಯ ಅದಿರಿನಲ್ಲಿ ಟನ್ನಿಗೆ ಕೆಲವು ನೂರು ಗ್ರಾಂ ಯುರೇನಿಯಂ ಇದೆ, ಅದನ್ನೇ ಕಡಿಮೆ ದರ್ಜೆಯ ಅದಿರು ಎನ್ನುತ್ತಾರೆ. ಗಣಿಗೆ ಸಾಲದ ಯುರೇನಿಯಂ ನೀರು ಕೆಡಿಸಲು ಧಾರಾಳ ಸಾಕು.

ಬಂಡೆಯಿಂದ ಅದನ್ನು ಬಿಡಿಸುವ ಕೆಲಸವನ್ನು ನೀರೇ ಮಾಡುತ್ತದೆ. ಆಮ್ಲಜನಕ ತಾಗಿದ ಯುರೇನಿಯಂ ಕರಗುವ ರೂಪಕ್ಕೆ ಬರುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್, ಕ್ಯಾಲ್ಸಿಯಂ ಹೆಚ್ಚಿದ್ದರೆ ಅವುಗಳ ಜೊತೆ ಸೇರಿ ಕರಗಿಯೇ ಉಳಿಯುತ್ತದೆ. ಕೋಲಾರದ ಗಡಸು ನೀರಿನಲ್ಲಿ ಎರಡೂ ಇವೆ. ಅಂತರ್ಜಲ ಕುಸಿದಂತೆ ಹಿಂದೆ ನೀರು ತುಂಬಿದ್ದ ಬಿರುಕುಗಳಿಗೆ ಗಾಳಿ ನುಗ್ಗುತ್ತದೆ. ಗೊಬ್ಬರದಿಂದಲೂ ಕೊಳಚೆಯಿಂದಲೂ ಬರುವ ನೈಟ್ರೇಟ್ ಅದೇ ಕೆಲಸವನ್ನು ಮುಂದುವರಿಸುತ್ತದೆ. ರಾಜಸ್ಥಾನ, ಗುಜರಾತಿನ 324 ಬಾವಿಗಳ ನೀರು ಪರೀಕ್ಷಿಸಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಮೂಲ ಬಂಡೆಯದು, ಹೆಚ್ಚಿಸಿದ್ದು ಅಂತರ್ಜಲದ ಅತಿಬಳಕೆ ಮತ್ತು ನೈಟ್ರೇಟ್. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಟೊಮೆಟೊ, ಹೂವು, ತರಕಾರಿಗಾಗಿ ಪಾತಾಳದಿಂದ ನೀರೆತ್ತಿದ್ದಕ್ಕೂ ಕುಡಿಯುವ ನೀರಿನ ಯುರೇನಿಯಂಗೂ ಇರುವ ನಂಟು ಇದು. ಕೆಜಿಎಫ್‌ನ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳೇ ಇದಕ್ಕೆ ಕಾರಣವೆಂದು ಬೆರಳು ತೋರಿಸುವವರಿದ್ದಾರೆ. ಆ ದಿಬ್ಬಗಳ ಧೂಳು ಬೇರೆಯೇ ಅನ್ಯಾಯ. ಆದರೆ ಚಿನ್ನದ ಗಣಿಯ ನೆರಳೂ ಬೀಳದ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಇದೇ ಯುರೇನಿಯಂ ಇರುವುದಕ್ಕೆ ಅವರ ಬಳಿ ಉತ್ತರವಿಲ್ಲ.

ಫಿನ್ಲೆಂಡಿನ ದಕ್ಷಿಣ ಭಾಗದಲ್ಲೂ ಗ್ರಾನೈಟಿಗೆ ಕೊರೆದ ಮನೆಬಾವಿಗಳಲ್ಲಿ ಬಹಳ ಯುರೇನಿಯಂ ಇದೆ. ಆ ದೇಶ ಅದನ್ನು ಆರೋಗ್ಯದ ವಿಷಯವೆಂದು ಕೈಗೆತ್ತಿಕೊಂಡಿತು. ಅಂಥ ನೀರು ಕುಡಿದ 325 ಜನರನ್ನು ಪರೀಕ್ಷಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಮೂತ್ರಪಿಂಡದ ಸೂಕ್ಷ್ಮ ನಾಳಗಳ ಕೆಲಸದಲ್ಲಿ ಏರುಪೇರು ಕಂಡಿತ್ತು. ನೀರಿನ ಯುರೇನಿಯಂ ಎಂದರೆ ವಿಕಿರಣ, ಕ್ಯಾನ್ಸರ್ ಎಂದು ಹೆದರುವವರು ಗಮನಿಸಬೇಕಾದದ್ದು ಇದು. ಆ ಲೋಹದ ರಾಸಾಯನಿಕ ಏಟು ಮೊದಲು ಬೀಳುವುದು ಕಿಡ್ನಿಗೆ.

ಕೋಲಾರದ ಅಂಕಿಗಳು ಗುಟ್ಟಿನವೇನಲ್ಲ. 2008ರಲ್ಲೇ ಪ್ರಕಟವಾದ ಅಧ್ಯಯನವೊಂದು ಜಿಲ್ಲೆಯ ಅಂತರ್ಜಲದಲ್ಲಿ ಲೀಟರಿಗೆ 0.3ರಿಂದ 1442.9 ಮೈಕ್ರೊಗ್ರಾಂವರೆಗೆ ಯುರೇನಿಯಂ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು, ಮಂಗಳೂರು ವಿಶ್ವವಿದ್ಯಾಲಯದ ವಿಕಿರಣ ತಜ್ಞರ ಜೊತೆಗೂಡಿ ಪೂರ್ವ ಕರ್ನಾಟಕದ 73 ಹಳ್ಳಿಗಳ ನೀರನ್ನು ಪರೀಕ್ಷಿಸಿ 2021ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 57 ಹಳ್ಳಿಗಳು 30ರ ಮಿತಿ ದಾಟಿದ್ದವು, 48 ಹಳ್ಳಿಗಳು ಅಣುಶಕ್ತಿ ನಿಯಂತ್ರಣ ಮಂಡಳಿಯ 60ರ ಮಿತಿಯನ್ನೂ ದಾಟಿದ್ದವು. ಕೋಲಾರ, ಚಿಕ್ಕಬಳ್ಳಾಪುರಗಳ ಕೆಲವು ಹಳ್ಳಿಗಳಲ್ಲಿ ಸಾವಿರವನ್ನು ಮೀರಿತ್ತು. ಎರಡು ಅಧ್ಯಯನಗಳ ನಡುವೆ ಹದಿಮೂರು ವರ್ಷ. ಅಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳು ಆ ನೀರು ಕುಡಿದು ಹೈಸ್ಕೂಲಿಗೆ ಬಂದಿದ್ದಾರೆ.

ಈ ಅಂಕಿಗಳನ್ನು ನೋಡಿಯೂ ‘ಅಬ್ಬಾ, ಎಂಥ ನಿಕ್ಷೇಪ’ ಎನ್ನುವ ಮನಸ್ಸಿಗೆ ಮಂಡ್ಯದ ಪಾಠ ನೆನಪಿಸಬೇಕು. 2020ರ ಫೆಬ್ರವರಿಯಲ್ಲಿ ಮರ್ಲಗಲ್ಲ ಪ್ರದೇಶದಲ್ಲಿ 14,100 ಟನ್ ಲಿಥಿಯಂ ಇದೆ ಎಂಬ ಅಂದಾಜು ಸುದ್ದಿಯಾಗಿ ದೇಶವೆಲ್ಲ ಹರಡಿತು. ಮರು ವರ್ಷ ಸರ್ಕಾರ ಸಂಸತ್ತಿನಲ್ಲಿ ಹೇಳಿದ ಲೆಕ್ಕ 1,600 ಟನ್, ಅದೂ ಊಹಿಸಿದ ವರ್ಗದ್ದು. ನೆಲ ಅಗೆದು, ಕೊರೆದು, ತುಂಡು ತೆಗೆದು ಪರೀಕ್ಷಿಸುವ ಮುಂಚೆ ಹೇಳಿದ ಸಂಖ್ಯೆಗಳ ಗತಿ ಹೀಗೆ. ಮೊದಲಿನ ಸಂಖ್ಯೆ ತಲುಪಿದಷ್ಟು ಜನರಿಗೆ ಎರಡನೆಯದು ತಲುಪುವುದಿಲ್ಲ.

ದೇಶಕ್ಕೆ ಯುರೇನಿಯಂ ಬೇಕು, ಕೈಗಾ ಅಣುಸ್ಥಾವರ ನಡೆಯಬೇಕು, ಹುಡುಕುವುದೇ ತಪ್ಪೇ ಎಂದು ಕೇಳುವವರಿದ್ದಾರೆ. ಹುಡುಕಾಟ ತಪ್ಪಲ್ಲ. ಪರಮಾಣು ಖನಿಜ ನಿರ್ದೇಶನಾಲಯ 1949ರಿಂದ ಆ ಕೆಲಸ ಮಾಡುತ್ತಿದೆ, ಅದರ ಬೆಂಗಳೂರು ಕಚೇರಿಯಲ್ಲಿ ದಕ್ಷಿಣದ ಬಂಡೆಗಳನ್ನು ಅಂಗೈ ಗೆರೆಯಂತೆ ಬಲ್ಲವರಿದ್ದಾರೆ. ತಪ್ಪಿರುವುದು ಆದ್ಯತೆಯಲ್ಲಿ. ಯುರೇನಿಯಂ ಎಂದೊಡನೆ ಅದು ದೆಹಲಿಯ ವಿಷಯ, ಅಣುಶಕ್ತಿಯ ವಿಷಯ, ರಹಸ್ಯದ ವಿಷಯ ಎಂದು ಗ್ರಾಮ ಪಂಚಾಯ್ತಿ ಕೈಚೆಲ್ಲುತ್ತದೆ. ಮುಳಬಾಗಿಲಿನ ಹಳ್ಳಿಯೊಂದರ ಮಿನಿ ಟ್ಯಾಂಕಿಗೆ ನೀರು ಏರಿಸುವ ನೀರುಗಂಟಿಗೆ ತಾನು ಬಿಡುತ್ತಿರುವ ನೀರಿನಲ್ಲಿ ಏನಿದೆ ಎಂದು ತಿಳಿಯುವ ದಾರಿಯೇ ಇಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಪಂಚಾಯ್ತಿಗಳಿಗೆ ಕೊಡಿಸಿದ ಪರೀಕ್ಷಾ ಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ನೋಡಬಹುದು, ಯುರೇನಿಯಂ ನೋಡಲಾಗದು. ಟಿಡಿಎಸ್ ಮೀಟರ್ ಅದನ್ನು ತೋರಿಸುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ನೀರು ಕುದಿಸಿದರೆ ಹೋಗುವುದಿಲ್ಲ, ಆವಿಯಾದಷ್ಟು ಸಾಂದ್ರವಾಗುತ್ತದೆ.

‘ಫಿಲ್ಟರ್ ನೀರು ಇದೆಯಲ್ಲ’ ಎಂಬ ಸಮಾಧಾನವೂ ಅರ್ಧದ್ದೇ. ಆರ್‌ಒ ಪೊರೆ ಸುಸ್ಥಿತಿಯಲ್ಲಿದ್ದರೆ ಯುರೇನಿಯಂನ ಬಹುಪಾಲನ್ನು ತಡೆಯುತ್ತದೆ. ಪೊರೆ ಹಳತಾದರೆ ತಡೆಯುವುದಿಲ್ಲ, ಹಳತಾಯಿತೆಂದು ಕ್ಯಾನ್ ಹಿಡಿದು ನಿಂತವರಿಗೆ ತಿಳಿಯುವುದೂ ಇಲ್ಲ. ಬಹಳ ಮನೆಗಳಲ್ಲಿ ಕುಡಿಯಲು ಮಾತ್ರ ಫಿಲ್ಟರ್ ನೀರು, ಮುದ್ದೆ, ಅನ್ನ, ಸಾರಿಗೆ ನಲ್ಲಿಯ ನೀರೇ. ಫಿಲ್ಟರ್ ನೀರಿನ ಘಟಕ ಹೊರಹಾಕುವ ನೀರಿನ ಲೆಕ್ಕವನ್ನಂತೂ ಯಾರೂ ಕೇಳುವುದಿಲ್ಲ. ಒಳಬಂದದ್ದರಲ್ಲಿ ಅರ್ಧ ಹೊರಹೋದರೆ ಆ ಅರ್ಧದಲ್ಲಿ ಯುರೇನಿಯಂ ಹೆಚ್ಚುಕಡಿಮೆ ಎರಡು ಪಟ್ಟು. ಅದು ಪಕ್ಕದ ಚರಂಡಿಗೆ, ಅಲ್ಲಿಂದ ಕುಂಟೆಗೆ, ಮತ್ತೆ ನೆಲಕ್ಕೆ ಇಳಿಯುತ್ತದೆ.

ವೈಮಾನಿಕ ನಕ್ಷೆಗೆ ಇಲ್ಲಿ ನಿಜವಾದ ಉಪಯೋಗವಿದೆ. ಉತ್ತರ ಐರ್ಲೆಂಡಿನಲ್ಲಿ 2005-06ರಲ್ಲಿ ಟೆಲ್ಲಸ್ ಎಂಬ ಯೋಜನೆ ಇಡೀ ನಾಡಿನ ಮೇಲೆ ವಿಮಾನ ಹಾರಿಸಿ ಗಾಮಾ ಅಳತೆ ಮಾಡಿತು. ಆ ಮಾಹಿತಿಯನ್ನು ಯಾವ ಊರಿನ ಮನೆಗಳಲ್ಲಿ ರೇಡಾನ್ ಅಪಾಯ ಹೆಚ್ಚು ಎಂದು ಗುರುತಿಸಲು ಬಳಸಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೂ 2017ರಿಂದ ದೇಶದ ಖನಿಜ ಸಾಧ್ಯತೆಯ ಪ್ರದೇಶಗಳ ಮೇಲೆ ಕಾಂತೀಯ, ವಿಕಿರಣ ಮಾಪನಗಳೆರಡನ್ನೂ ಹೊತ್ತ ವಿಮಾನ ಹಾರಿಸುತ್ತಿದೆ. 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂವಿಜ್ಞಾನ ಮಾಹಿತಿ ಭಂಡಾರವೂ ತೆರೆಯಿತು. ಇಂಥ ಮಾಹಿತಿಯ ಮೊದಲ ಗಿರಾಕಿ ಗಣಿ ಕಂಪನಿ ಎಂಬ ಎಣಿಕೆ ಬದಲಾಗಬೇಕು. ಯಾವ ಗ್ರಾನೈಟಿನಲ್ಲಿ ಯುರೇನಿಯಂ ಹೆಚ್ಚು, ಬಿರುಕುಗಳು ಯಾವ ದಿಕ್ಕಿಗಿವೆ ಎಂದು ನಕ್ಷೆ ಹೇಳಿದರೆ, ಮೊದಲು ಯಾವ ಹಳ್ಳಿಗಳ ಬೋರು ಪರೀಕ್ಷಿಸಬೇಕು ಎಂಬ ಪಟ್ಟಿ ತಯಾರಾಗುತ್ತದೆ. ಹೊಸ ಬೋರಿಗೆ ಪಾಯಿಂಟ್ ಹಾಕುವಾಗ ಎಲ್ಲಿ ಬೇಡ ಎಂದೂ ತಿಳಿಯುತ್ತದೆ. ಅದರಾಚೆಗೆ ನಕ್ಷೆಯನ್ನು ನಂಬಿ ಕೂರಲಾಗದು. ಪಕ್ಕಪಕ್ಕದ ಎರಡು ಬೋರುಗಳಲ್ಲೇ ಅಂಕಿ ಬೇರೆಯಾಗುತ್ತದೆ, ಪ್ರತಿ ಬೋರಿನ ನೀರೂ ಪ್ರಯೋಗಾಲಯಕ್ಕೆ ಹೋಗಬೇಕು. ಕೆ.ಸಿ. ವ್ಯಾಲಿಯ ನೀರು ಇಂಗಿದ ಕಡೆ ಯುರೇನಿಯಂ ತಿಳಿಯಾಗಿದೆಯೋ, ಆ ನೀರಿನ ನೈಟ್ರೇಟ್ ಅದನ್ನು ಇನ್ನಷ್ಟು ಕರಗಿಸಿದೆಯೋ ಎಂಬುದು ಅಳೆದೇ ತಿಳಿಯಬೇಕಾದ ವಿಷಯ. ಆ ನೀರಿಗೆ ಮೂರನೇ ಹಂತದ ಸಂಸ್ಕರಣೆ ಕೇಳುತ್ತಿರುವ ಹೋರಾಟಗಾರರ ಬೇಡಿಕೆಗೆ ಇದೂ ಒಂದು ಬಲವಾದ ಕಾರಣ.

2023ರ ನವೆಂಬರಿನಲ್ಲಿ ಉದ್ಘಾಟನೆಯಾದ ಯರಗೋಳ್ ಜಲಾಶಯದ ನೀರು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೂ 45 ಹಳ್ಳಿಗಳಿಗೂ ಮೀಸಲು. ಮುಳಬಾಗಿಲು, ಶ್ರೀನಿವಾಸಪುರಗಳು ಆ ಪಟ್ಟಣಗಳ ಸಾಲಿನಲ್ಲಿಲ್ಲ. ಎತ್ತಿನಹೊಳೆಯ ನೀರು ಬರುವ ದಿನವನ್ನು ಯಾರೂ ಖಚಿತವಾಗಿ ಹೇಳಲಾರರು. ಅಲ್ಲಿಯವರೆಗೆ ಆ ಎರಡು ತಾಲ್ಲೂಕುಗಳ ಹಳ್ಳಿಗಳು ಕುಡಿಯುವುದು ಬೋರಿನ ನೀರನ್ನೇ. ಪರೀಕ್ಷೆ ಅಲ್ಲಿಂದ ಶುರುವಾಗಬೇಕು: ಮೊದಲು ಅಂಗನವಾಡಿ, ಶಾಲೆಗಳ ಬೋರು, ಆಮೇಲೆ ಪಂಚಾಯ್ತಿಯ ಪ್ರತಿ ಬೋರು. ಬಂದ ಅಂಕಿಯನ್ನು ತಾರೀಖಿನ ಸಮೇತ ಟ್ಯಾಂಕಿನ ಗೋಡೆಯ ಮೇಲೆ ಬರೆಸಬೇಕು. 30 ದಾಟಿದ ಬೋರನ್ನು ಕುಡಿಯುವ ನೀರಿನ ಪೈಪಿನಿಂದ ಅಂದೇ ಬಿಡಿಸಬೇಕು.